ಗಟ್ಟಿ ಫಿಲ್ಮ್ ಆದ್ರೂ ಶಾಖ ಯಾಕೆ ದಾಟಲ್ಲ? ಕೆಡಿಸಿದ್ರೆ ಯಾಕೆ ಜಾಸ್ತಿ ದಾಟುತ್ತೆ?

ಫಿಸಿಕ್ಸ್_ಹುಡುಗಿ: ಎಲ್ರಿಗೂ ನಮಸ್ಕಾರ. ಎಂಎಸ್ಸಿ ಸೆಮಿನಾರ್‌ಗೆ ಟಂಗ್‌ಸ್ಟನ್ ಡೈಸೆಲೆನೈಡ್ ಫಿಲ್ಮ್ (ಟಂಗ್‌ಸ್ಟನ್, ಸೆಲೆನಿಯಮ್ ಸೇರಿ ಆದ, ಪದರ ಪದರವಾಗಿರೋ ತೆಳು ವಸ್ತು) ತಗೊಂಡಿದೀನಿ. 2007ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಡೇವಿಡ್ ಕೇಹಿಲ್ ಗುಂಪು ಅಳೆದಾಗ ಪದರ ದಾಟಿ ಹೋಗೋ ಶಾಖವಾಹಕತೆ ಬರೀ 0.05 ವ್ಯಾಟ್ ಪ್ರತಿ ಮೀಟರ್ ಕೆಲ್ವಿನ್, ಅಂದ್ರೆ ಗಾಳಿಯ ಶಾಖವಾಹಕತೆಯ ಹೆಚ್ಚುಕಮ್ಮಿ ಎರಡರಷ್ಟು ಅಷ್ಟೇ. ಥರ್ಮೋಕೋಲ್ ಒಳಗಾದ್ರೆ ಗಾಳಿ ಇರುತ್ತೆ, ಇದು ಸಂದಿಲ್ಲದ ಗಟ್ಟಿ ವಸ್ತು. ಇನ್ನೊಂದು, ಅಯಾನ್ (ವಿದ್ಯುದಂಶ ಇರೋ ಪರಮಾಣು) ಹೊಡೆದು ಫಿಲ್ಮ್ ಕೆಡಿಸಿದ್ರೆ ಶಾಖ ಇನ್ನೂ ಜಾಸ್ತಿ ದಾಟುತ್ತಂತೆ. ಉಲ್ಟಾ ಆಗ್ಬೇಕಿತ್ತಲ್ವಾ? ಎರಡು ದಿನದಿಂದ ಇದೇ ತಲೇಲಿ ಕೊರೀತಿದೆ.

ಹಳೇ_ಲ್ಯಾಬ್: ಹಾಳಾದ ಹಳೇ ಇಸ್ತ್ರಿಪೆಟ್ಟಿಗೆ ಇದ್ರೆ ಪ್ಲಗ್ ತೆಗೆದು ಬಿಚ್ಚಿ ನೋಡಮ್ಮ, ಒಳಗೆ ಕಾಗೆಬಂಗಾರದ ಹಾಳೆ ಇರುತ್ತೆ. ಅಂಚಿಗೆ ಉಗುರು ಕೊಟ್ರೆ ಪೊರೆ ಪೊರೆಯಾಗಿ ಏಳುತ್ತೆ, ಅದೇ ಒಂದು ಪೊರೆನ ಹಿಡಿದು ಎಳೆದ್ರೆ ಸುಲಭಕ್ಕೆ ಹರಿಯಲ್ಲ. ನಿನ್ನ ಫಿಲ್ಮೂ ಇದೇ ಜಾತಿ, ಪದರದೊಳಗೆ ಬಂಧ ಬಿಗಿ, ಪದರಗಳ ಮಧ್ಯೆ ವಾನ್ ಡರ್ ವಾಲ್ಸ್ ಅನ್ನೋ ಸಡಿಲ ಹಿಡಿತ ಅಷ್ಟೇ. ಶಾಖ ಹೊರೋದು ಪರಮಾಣುಗಳ ನಡುಕ ತಾನೆ, ಸಡಿಲ ಇರೋ ಕಡೆ ಅದು ಮುಂದಕ್ಕೆ ಹೋಗಲ್ಲ. ಇದೇ ಥರ ಪದರ ಇರೋ ಗ್ರಾಫೈಟ್‌ನ ಶಾಖವಾಹಕತೆ ನೋಡು, ನೀನು ಹೇಳಿದ ಅದೇ ಅಳತೇಲಿ ಪದರದ ಉದ್ದಕ್ಕೂ ಸುಮಾರು 2000, ದಾಟೋಕೆ ಸುಮಾರು 6.

ಫೋನಾನ್_ಪ್ರಿಯ: ಸರ್ ಹೇಳಿದ್ದು ಸರಿ, ಆದ್ರೆ ಅಷ್ಟೇ ಸಾಲಲ್ಲ. ಇದೇ ವಸ್ತುವಿನ ಒಂಟಿ ಸ್ಫಟಿಕದಲ್ಲೂ (ಎಲ್ಲ ಪದರ ಒಂದೇ ಶಿಸ್ತಲ್ಲಿ ಜೋಡಣೆಯಾಗಿರೋ ತುಂಡು) ಹಿಡಿತ ಅಷ್ಟೇ ಸಡಿಲ, ಆದ್ರೂ ಫಿಲ್ಮ್‌ಗಿಂತ ಸುಮಾರು 30 ಪಟ್ಟು ಜಾಸ್ತಿ ದಾಟುತ್ತೆ. ವ್ಯತ್ಯಾಸ ಇರೋದು ಜೋಡಣೇಲಿ. ಟಂಗ್‌ಸ್ಟನ್, ಸೆಲೆನಿಯಮ್ ಒಂದರ ಮೇಲೊಂದು ತೆಳ್ಳಗೆ ಕೂರಿಸಿ ಆಮೇಲೆ ಬಿಸಿ ಮಾಡ್ತಾರೆ, ಆಗ ಹಾಳೆಗಳು ಚಪ್ಪಟೆಯಾಗೇ ಮಲಗುತ್ವೆ, ಆದ್ರೆ ಒಂದೊಂದು ಒಂದೊಂದು ಕೋನಕ್ಕೆ ತಿರುಗಿರುತ್ತೆ. ಇಸ್ಪೀಟ್ ಎಲೆ ಕಟ್ಟಿಟ್ಟು ಅಂಗೈಯಿಂದ ತಿರುಚಿದ ಹಾಗೆ. ಕೆಳಗಿನ ಹಾಳೆ ನಡುಕಕ್ಕೆ ಮೇಲಿನದ್ರಲ್ಲಿ ಹೊಂದೋ ಜೊತೆ ಸಿಗಲ್ಲ, ಅಲ್ಲಲ್ಲೇ ಸಿಕ್ಕಾಕೊಳ್ಳುತ್ತೆ ಅಂತ ಕೇಹಿಲ್ ಗುಂಪಿನ ವಿವರಣೆ. ಅಯಾನ್ ಹೊಡೆದಾಗ ಕೆಡೋದು ಹಾಳೆ ಒಳಗಿನ ಶಿಸ್ತು, ಆ ಶಿಸ್ತೇ ಇಲ್ಲಿ ಶಾಖನ ತಡೀತಿದ್ದದ್ದು! ನಂಗೆ ಈ ವಿಷ್ಯದಲ್ಲಿ ತುಂಬಾ ಇಷ್ಟ ಆಗೋದೇ ಇದು.

ಹಳೇ_ಲ್ಯಾಬ್: ಹೌದು, ತಿರುಗಿರೋದನ್ನ ಬಿಟ್ಟಿದ್ದೆ, ಒಳ್ಳೇದಾಯ್ತು ಹೇಳಿದ್ದು.

ಫಿಸಿಕ್ಸ್_ಹುಡುಗಿ: ಈಗ ಹೊಳೀತು, ಥ್ಯಾಂಕ್ಸ್ ಸರ್, ಇಬ್ರಿಗೂ. ಹಂಗಾದ್ರೆ ತಿರುಗಿಸಿದ್ರೆ ಹಾಳೆ ಉದ್ದಕ್ಕೂ ಶಾಖ ಕಮ್ಮಿ ಆಗುತ್ತಾ?

ಫೋನಾನ್_ಪ್ರಿಯ: ಅಷ್ಟೇನೂ ಇಲ್ಲ, ಹಾಳೆ ಒಳಗಿನ ಬಂಧ ಹಾಗೇ ಇರುತ್ತಲ್ಲ. 2021ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದವರು ಇದೇ ಥರದ ಮಾಲಿಬ್ಡಿನಮ್ ಡೈಸಲ್ಫೈಡ್ ಹಾಳೆಗಳನ್ನ ಬೇರೆ ಬೇರೆ ಕೋನಕ್ಕೆ ತಿರುಗಿಸಿ ಒಂದೊಂದಾಗಿ ಪೇರಿಸಿ ನೋಡಿದ್ರು, ದಾಟೋಕೆ 0.057, ಉದ್ದಕ್ಕೆ ಅದರ ಸುಮಾರು 900 ಪಟ್ಟು. ಅದನ್ನೇ ಸಣ್ಣ ಚಿನ್ನದ ತಂತಿ ಮೇಲೆ ಹೊದಿಸಿದ್ರೆ ಬಿಸಿ ಪಕ್ಕಕ್ಕೆ ಹರಡುತ್ತೆ, ಮೇಲಕ್ಕೆ ಬರೋದು ಬಹಳ ಕಮ್ಮಿ. ಸೆಮಿನಾರ್‌ಗೆ ಈ ಎರಡೂ ಫಿಲ್ಮ್ ಪಕ್ಕಪಕ್ಕ ಇಟ್ಟು ತೋರ್ಸಿ.