ಸಹಾಯ ಬೇಕು: ಅಮ್ಮನ ಜೊತೆ ಶ್ರೀಲಂಕಾದ ಒಳನಾಡಿಗೆ

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಅಮ್ಮನನ್ನು ಆರು ದಿನ ಶ್ರೀಲಂಕಾಗೆ ಕರೆದುಕೊಂಡು ಹೋಗುತ್ತಿದ್ದೇನೆ. ಕೇಳಿದವರೆಲ್ಲ ಬೀಚ್‌ಗಳ ಹೆಸರೇ ಹೇಳುತ್ತಾರೆ. ನಮಗೆ ಬೇಕಿರುವುದು ಹಳೆಯ ರಾಜಧಾನಿಗಳಾದ ಅನುರಾಧಪುರ, ಪೊಲೊನ್ನರುವ, ಮತ್ತೆ ಗುಹಾ ದೇವಾಲಯಗಳಿರುವ ದಂಬುಲ್ಲ. ಪೊಲೊನ್ನರುವದ ಗಲ್ ವಿಹಾರದಲ್ಲಿ ಬಂಡೆಯಲ್ಲೇ ಕಡೆದ, ಸುಮಾರು 14 ಮೀಟರ್ ಉದ್ದದ ಮಲಗಿದ ಬುದ್ಧ ಇದ್ದಾನೆ. 12ನೇ ಶತಮಾನದ್ದು. ತಲೆಯ ಭಾರಕ್ಕೆ ದಿಂಬು ತಗ್ಗಿರುವುದೂ ಆ ಕಲ್ಲಲ್ಲಿ ಕಾಣುತ್ತದೆ! ಫೋಟೋ ನೋಡಿದಾಗಿನಿಂದ ಅಮ್ಮನಿಗೆ ಅದೇ ಧ್ಯಾನ.

ಅವರಿಗೆ 67 ವರ್ಷ, ಮಂಡಿನೋವು ಜಾಸ್ತಿ. ಸಿಗಿರಿಯ ಬಂಡೆ ಹತ್ತಿಸುವುದಿಲ್ಲ, ಕೆಳಗಿನ ತೋಟ ನೋಡಿದರೆ ಸಾಕು. ಆದರೆ ದಂಬುಲ್ಲ ಗುಹೆಗಳ ಮೆಟ್ಟಿಲು ತುಂಬಾ ಕಷ್ಟನಾ? ಹಬರಣದಲ್ಲೇ ಉಳಿದು ಎಲ್ಲ ಕಡೆ ಕಾರಲ್ಲಿ ಹೋಗಿಬರಬಹುದಾ? ನಾವು ಸಸ್ಯಾಹಾರಿಗಳು. ಅಲ್ಲಿ ತರಕಾರಿ ಪಲ್ಯಕ್ಕೂ ಒಣಮೀನು ಹಾಕುವುದುಂಟು ಅಲ್ವಾ, ಬೇಡ ಅಂತ ಹೇಗೆ ಹೇಳಬೇಕು? ವಯಸ್ಸಾದವರ ಜೊತೆ ಹೋಗಿಬಂದವರು ದಯವಿಟ್ಟು ತಿಳಿಸಿ.