ಮನೆಯಲ್ಲಿ ಅಮ್ಮನ ಹಾಡು ರೆಕಾರ್ಡ್ ಮಾಡೋಕೆ ಲೆವೆಲ್ ಎಷ್ಟಿಡಬೇಕು? ಮಾಡಿದವರು ಹೇಳಿ

ಮಾನವಿಯಿಂದ, ಪ್ರಶ್ನೆ:
ಅಮ್ಮನಿಗೆ 71. ಅವರಿಗೆ ಬಾಯಿಪಾಠ ಇರೋ ದಾಸರ ಪದಗಳನ್ನೆಲ್ಲ ಅವರ ದನಿಯಲ್ಲೇ ಉಳಿಸಬೇಕು ಅಂತ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಮೈಕಿನ ದನಿಯನ್ನು ಅಂಕಿಯಾಗಿಸಿ ಕಂಪ್ಯೂಟರಿಗೆ ಕೊಡೋ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್ ತಂದೆ. ಪಕ್ಕದಲ್ಲಿ ಚಿಕ್ಕಮ್ಮ ತಾಳ ಹಾಕ್ತಾರೆ. "ಮೀಟರ್ ಕೆಂಪಿಗೆ ತಾಗೋವರೆಗೂ ಗೇನ್ (ಮೈಕಿನ ದನಿಯನ್ನು ಹಿಗ್ಗಿಸೋ ಗುಂಡಿ) ಏರಿಸಿ, ಇಲ್ಲಾಂದ್ರೆ ದನಿ ಸಣ್ಣಗೆ ಬರುತ್ತೆ" ಅಂತ ತಿಳಿದವರೊಬ್ಬರು ಹೇಳಿದ್ರು, ಹಾಗೇ ಮಾಡಿದೆ. ಮೆಲ್ಲಗೆ ಹಾಡುವಾಗ ಚೆನ್ನಾಗಿದೆ. ಅಮ್ಮ ತಾರಕಕ್ಕೆ ಹೋದ ಕೂಡಲೇ ಬಟ್ಟೆ ಹರಿದ ಹಾಗೆ ಪರಪರ ಸದ್ದು. ಆಮೇಲೆ ಕಂಪ್ಯೂಟರಿನಲ್ಲಿ ಫೇಡರ್ (ದನಿ ಏರಿಳಿಸೋ ಜಾರುಗುಂಡಿ) ಎಷ್ಟು ಇಳಿಸಿದರೂ ಅದು ಹೋಗಲಿಲ್ಲ. ಹನ್ನೆರಡು ಪದ ಹೀಗಾದವು. ಮತ್ತೆ ಹಾಡು ಅಂತ ಕೇಳೋಕೆ ಮನಸ್ಸು ಬರ್ತಿಲ್ಲ, ಅವರಿಗೆ ಬೇಗ ದಣಿವಾಗುತ್ತೆ.

ಬಳ್ಳಾರಿಯಿಂದ:
ಆ ಕೆಂಪಿನ ಮಾತು ಟೇಪಿನ ಕಾಲದ್ದು. ಟೇಪಿಗೆ ತನ್ನದೇ ಒಂದು ಸುಯ್ ಅನ್ನೋ ಸದ್ದಿತ್ತು, ಅದರ ಮೇಲೆ ದನಿ ಎದ್ದು ಕಾಣಲಿ ಅಂತ ಲೆವೆಲ್ ಏರಿಸ್ತಿದ್ರು. ಸ್ವಲ್ಪ ಹೆಚ್ಚಾದರೂ ಟೇಪ್ ಮೆತ್ತಗೆ ಒತ್ತಿಕೊಂಡು ಹೋಗ್ತಿತ್ತು. ಡಿಜಿಟಲ್‌ನಲ್ಲಿ ಮೀಟರಿನ ಸೊನ್ನೆ ಅಂದ್ರೆ ಮಾಳಿಗೆ, ಉಳಿದ ಮಟ್ಟವೆಲ್ಲ ಅದರ ಕೆಳಗೆ ಮೈನಸ್ ಡಿಬಿಯಲ್ಲಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ). ಅದರ ಮೇಲೆ ಬರೆಯೋಕೆ ಅಂಕಿಯೇ ಇಲ್ಲ, ಅಲೆಯ ತಲೆ ಅಲ್ಲೇ ಕತ್ತರಿಸಿ ಹೋಗುತ್ತೆ. ಕತ್ತರಿಸೋದು ಇಂಟರ್‌ಫೇಸ್ ಒಳಗೇ, ಫೈಲ್ ಆಗೋ ಮೊದಲೇ. ಆಮೇಲೆ ಫೇಡರ್ ಇಳಿಸಿದರೆ ಕತ್ತರಿಸಿದ್ದೇ ಸಣ್ಣದಾಗಿ ಕೇಳುತ್ತೆ, ಅಷ್ಟೇ.

24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಒಂದು ಬಿಟ್‌ಗೆ ಸುಮಾರು 6 ಡಿಬಿ ಲೆಕ್ಕ, ಅತಿ ಸಣ್ಣ ದನಿಯಿಂದ ಅತಿ ಜೋರಿನವರೆಗೆ ಕಾಗದದ ಮೇಲೆ 144 ಡಿಬಿ ಜಾಗ. ಮೇಲೆ 12 ಡಿಬಿ ಖಾಲಿ ಬಿಟ್ಟರೆ ಹೋಗೋದು ಎರಡೇ ಬಿಟ್. ನಮ್ಮ ಮನೆಗಳಲ್ಲಿ ಹೊರಗಿನ ಬೈಕು, ಪಕ್ಕದ ಮನೆ ಮಿಕ್ಸಿ ಇವುಗಳ ಸದ್ದೇ ಆ ಜಾಗದ ತಳಕ್ಕಿಂತ ಎಷ್ಟೋ ಮೇಲಿರುತ್ತೆ. ಹಾಗಾಗಿ ಅಮ್ಮನ ಅತಿ ಜೋರಿನ ಸ್ವರ ಮೈನಸ್ 12, ಹೆಚ್ಚೆಂದರೆ ಮೈನಸ್ 10 ಮುಟ್ಟಲಿ. ಉಳಿದ ಹಾಡು ಮೈನಸ್ 18ರ ಆಸುಪಾಸು ಆಡಿಕೊಂಡಿರಲಿ. ಸಣ್ಣಗೆ ಬಂತು ಅಂತ ಹೆದರಬೇಡಿ, ಏರಿಸೋದು ಕೊನೆಯ ಕೆಲಸ.

ಟೆಸ್ಟ್ ಮಾಡುವಾಗ "ಹಲೋ ಹಲೋ" ಅನ್ನಿಸಬೇಡಿ, ಇದು ಮುಖ್ಯ. ಪದದಲ್ಲಿ ಎಲ್ಲಿ ದನಿ ಅತಿ ಎತ್ತರಕ್ಕೆ ಹೋಗುತ್ತೋ ಆ ಸಾಲನ್ನೇ ಹಾಡಿಸಿ, ಗೇನ್ ಗೊತ್ತು ಮಾಡಿ, ಅದರ ಮೇಲೆ ಇನ್ನೂ 4-5 ಡಿಬಿ ಇಳಿಸಿ. ನಾನು ದೊಡ್ಡಾಟದ ಪದಗಳನ್ನು ರೆಕಾರ್ಡ್ ಮಾಡಿದಾಗ ಕಲಿತದ್ದು ಇದು. ತಾಲೀಮಿನಲ್ಲಿ ಹದವಾಗಿದ್ದ ದನಿ, ಹಾಡು ಮೈದುಂಬಿದ ಮೇಲೆ ಎಲ್ಲಿಗೋ ಹೋಯ್ತು. ಒಂದಿಡೀ ಸಂಧಿ ಕಳೆದುಕೊಂಡೆ.

ಗಂಗಾವತಿಯಿಂದ:
ಲೆವೆಲ್ ಅಂದ್ರ ಬರೀ ಗೇನ್ ಅಲ್ರೀ, ಮೈಕ್ ಎಲ್ಲೈತಿ ಅನ್ನೋದೂ ಲೆವೆಲ್ಲೇ. ನಮ್ಮ ಕಡೆ ಬ್ಯಾಸಗ್ಯಾಗ ಫ್ಯಾನ್ ಬಂದ್ ಮಾಡಿ ಕುಂಡ್ರಾಕ ಆಗಂಗಿಲ್ಲ. ಗೇನ್ ಏರಿಸಿದ್ರ ದನಿ ಜೋಡಿ ಫ್ಯಾನಿನ ಸಪ್ಪಳನೂ ಏರತೈತಿ. ಅದರ ಬದಲಿ ಮೈಕ್ ಹತ್ರ ತರ್ರಿ. ಎರಡು ಫೂಟಿನಿಂದ ಒಂದು ಫೂಟಿಗೆ ತಂದ್ರ ದನಿ ಸುಮಾರು 6 ಡಿಬಿ ಹೆಚ್ಚಾಗತೈತಿ, ಫ್ಯಾನ್ ಇದ್ದಷ್ಟೇ ಇರತೈತಿ. ಹತ್ರ ತಂದ ಮ್ಯಾಲೆ ಗೇನ್ ಅಷ್ಟು ಇಳಸ್ರಿ. ಗೇಣಿಗಿಂತ ಹತ್ರ ಬ್ಯಾಡ, ದನಿ ಗುಂಯ್ ಅಂತ ದಪ್ಪ ಆಗತೈತಿ, "ಭ" "ಪ" ಅಂದಾಗ ಗಾಳಿ ಬಡೀತೈತಿ. ನಾನು ನಸುಕಿನ್ಯಾಗ ಐದಕ್ಕ, ಲ್ಯಾಪ್‌ಟಾಪ್ ಚಾರ್ಜರ್ ತೆಗದು ಬ್ಯಾಟರಿ ಮ್ಯಾಲೆ ರೆಕಾರ್ಡ್ ಮಾಡ್ತೀನಿ. ಚಾರ್ಜರಿನಿಂದ ಬರ್ತಿದ್ದ ಗುಂಯ್‌ಗುಡೋದೂ ನಿಂತ್ತು.

ಕೊಪ್ಪಳದಿಂದ:
ತಾಳದ ಬಗ್ಗೆ ಯಾರೂ ಹೇಳಲಿಲ್ಲ. ಕಿವಿಗೆ ಅದು ಸಣ್ಣ ಸದ್ದು, ಆದರೆ ಲೋಹದ ಪೆಟ್ಟು ಕ್ಷಣದೊಳಗೆ ಏರಿ ಇಳಿಯುತ್ತೆ. ಸರಾಸರಿ ತೋರಿಸೋ ಮೀಟರಿಗೆ ಅದು ಸಿಗೋದೇ ಇಲ್ಲ, ಕ್ಷಣದ ತುದಿಯನ್ನು ತೋರಿಸೋ ಪೀಕ್ ಮೀಟರ್ ನೋಡಿ. ಚಿಕ್ಕಮ್ಮನನ್ನು ಮೈಕಿನ ಬೆನ್ನ ಹಿಂದೆ ಐದಾರು ಅಡಿ ದೂರ ಕೂರಿಸಿ, ಮೈಕ್ ಕಾರ್ಡಿಯಾಯ್ಡ್ ಆಗಿದ್ದರೆ ಹಿಂದಿನ ಸದ್ದನ್ನು ಅದು ಕಡಿಮೆ ಹಿಡಿಯುತ್ತೆ.

ಮುಂದೆ ಹಾರ್ಮೋನಿಯಂ, ತಬಲಾ ಬೇರೆ ಬೇರೆ ಟ್ರ್ಯಾಕ್ ಮಾಡಿದರೆ ನೆನಪಿಡಿ: ಒಂದೇ ಮಟ್ಟದ ಎರಡು ಬೇರೆ ದನಿ ಕೂಡಿದರೆ ಮೊತ್ತ ಸುಮಾರು 3 ಡಿಬಿ ಏರುತ್ತೆ. ಪ್ರತಿ ಟ್ರ್ಯಾಕೂ ಸರಿ ಇದ್ದು ಮಾಸ್ಟರ್ (ಎಲ್ಲ ಟ್ರ್ಯಾಕ್ ಕೂಡಿದ ಕೊನೆಯ ಮಟ್ಟ) ಮಾತ್ರ ಕೆಂಪಾಗೋದು ಇದಕ್ಕೇ. ನಾನು ಮೊದಲು ಹಾಡಿನ ದನಿ ಇಟ್ಟು, ಉಳಿದದ್ದನ್ನು ಅದರ ಕೆಳಗೆ ತರ್ತೀನಿ. ಹೆಡ್‌ಫೋನ್ ವಾಲ್ಯೂಮ್ ಒಮ್ಮೆ ಇಟ್ಟರೆ ಮಿಕ್ಸ್ ಮುಗಿಯೋವರೆಗೆ ಮುಟ್ಟಲ್ಲ.

ಬಳ್ಳಾರಿಯಿಂದ, ಮತ್ತೆ:
ಒಪ್ಪಿದೆ. ಒಂದು ಮಾತು ಸೇರಿಸ್ತೀನಿ. ಸಾಫ್ಟ್‌ವೇರ್ ಒಳಗೆ ಲೆಕ್ಕ 32 ಬಿಟ್ ಫ್ಲೋಟ್‌ನಲ್ಲಿ (ಸೊನ್ನೆಯ ಮೇಲೂ ಅಂಕಿ ಬರೆಯೋಕೆ ಜಾಗ ಇರೋ ಬಗೆ) ನಡೆದರೆ ಅಲ್ಲಿ ಸೊನ್ನೆ ದಾಟಿದ್ದನ್ನು ಮಾಸ್ಟರ್ ಇಳಿಸಿ ಉಳಿಸಬಹುದು. 16 ಅಥವಾ 24 ಬಿಟ್ ಫೈಲ್ ಮಾಡಿದ ಮೇಲೆ ಆಗಲ್ಲ. ಲಫ್ಸ್ (LUFS) ಅಂದ್ರೆ ಹಾಡು ಕಿವಿಗೆ ಒಟ್ಟಾರೆ ಎಷ್ಟು ಜೋರು ಅನ್ನೋದರ ಅಳತೆ. ಯೂಟ್ಯೂಬ್ ಮೈನಸ್ 14 ಲಫ್ಸ್‌ಗಿಂತ ಜೋರಿದ್ದದ್ದನ್ನು ತಾನೇ ಇಳಿಸುತ್ತೆ, ಹಾಗಾಗಿ ಲಿಮಿಟರ್ (ದನಿಯ ಎತ್ತರದ ತುದಿಗಳನ್ನು ಒತ್ತಿ ಹಿಡಿಯೋ ಸಾಧನ) ಹಾಕಿ ಹಿಂಡಿ ಲಾಭವಿಲ್ಲ. ದಾಸರ ಪದಕ್ಕೆ ಮೈನಸ್ 16, 18 ಇದ್ದರೂ ನನ್ನ ಕಿವಿಗೆ ಸೊಗಸು, ಏರಿಳಿತ ಉಳಿಯುತ್ತೆ. ಟ್ರೂ ಪೀಕ್ (ಅಲೆಯ ನಿಜವಾದ ತುದಿ) ಮೈನಸ್ 1ಕ್ಕೆ ನಿಲ್ಲಿಸಿ. ಮೂಲ ವೇವ್ ಫೈಲನ್ನು ಮುಟ್ಟದೆ ಎರಡು ಕಡೆ ಇಡಿ.

ಆ ಹನ್ನೆರಡನ್ನು ಅಳಿಸಬೇಡಿ. ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಕ್ಲಿಪ್ ಫಿಕ್ಸ್ ಅಂತಿದೆ, ಕತ್ತರಿಸಿದ ತಲೆಯನ್ನು ಊಹಿಸಿ ಮತ್ತೆ ಬರೆಯುತ್ತೆ. ಸ್ವಲ್ಪವೇ ಕತ್ತರಿಸಿದ್ದರೆ ಕೇಳುವಷ್ಟು ಸರಿಹೋಗುತ್ತೆ.

ಮಾನವಿಯಿಂದ:
ಹನ್ನೆರಡರಲ್ಲಿ ಐದು ಕೇಳುವ ಹಾಗಾದವು, ಎಲ್ಲರಿಗೂ ಕೈ ಮುಗಿದೆ. ಇವತ್ತು ಬೆಳಗಿನ ಐದೂವರೆಗೆ ಎರಡು ಪದ ಹೊಸದಾಗಿ ಆದವು, ತಾರಕದಲ್ಲೂ ಮೀಟರ್ ಮೈನಸ್ 11 ದಾಟಲಿಲ್ಲ. ಅಮ್ಮ ಹೆಡ್‌ಫೋನ್ ಹಾಕ್ಕೊಂಡು ಕಣ್ಣುಮುಚ್ಚಿ ಪೂರ್ತಿ ಕೇಳಿದರು. ಎರಡನೇದರಲ್ಲಿ ಒಂದು ನುಡಿ ಬಿಟ್ಟುಹೋಗಿದೆ, ನಾಳೆ ಮತ್ತೆ ಹಾಡ್ತೀನಿ ಅಂದರು.