ಸಹಾಯ ಬೇಕು: ಒಪ್ಪಿಗೆ ಪತ್ರಕ್ಕೆ ನಮ್ಮೂರ ಕನ್ನಡ

ಎಲ್ಲರಿಗೂ ನಮಸ್ಕಾರ. ನಾನು ಕುಷ್ಟಗಿ ಕಡೆಯವಳು, ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ. ಬೋರ್‌ವೆಲ್ ನೀರಿನ ಫ್ಲೋರೈಡ್, ಅದರಿಂದ ಶಾಲೆ ಮಕ್ಕಳ ಹಲ್ಲಿಗೆ ಬೀಳುವ ಕಲೆ, ಇದು ನನ್ನ ಅಧ್ಯಯನದ ವಿಷಯ. ನೀರಿನ ಪರೀಕ್ಷೆ ಕಷ್ಟ ಅಲ್ಲ, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಜಾಸ್ತಿ ಅಂತ ಲೆಕ್ಕ. ಹಲ್ಲಿನ ಕಲೆ ಎಷ್ಟು ಅಂತ ಅಳೆಯಲು ಡೀನ್ ಸೂಚ್ಯಂಕ ಇದೆ.

ಸಿಕ್ಕಿಕೊಂಡಿದ್ದು ಒಪ್ಪಿಗೆ ಪತ್ರದಲ್ಲಿ, ಅಂದರೆ ಅಧ್ಯಯನಕ್ಕೆ ಸೇರಲು ಒಪ್ಪಿದ್ದೇವೆ ಅಂತ ಮಕ್ಕಳು, ಮನೆಯವರಿಂದ ಪಡೆಯುವ ಪತ್ರದಲ್ಲಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ 7ರಿಂದ 12 ವರ್ಷದ ಮಕ್ಕಳು ಬಾಯಿಮಾತಿನಲ್ಲಿ ಒಪ್ಪಬೇಕು, ಅದಕ್ಕಿಂತ ದೊಡ್ಡ ಮಕ್ಕಳು ಬರೆದು ಕೊಡಬೇಕು, ಜೊತೆಗೆ ತಂದೆ ಅಥವಾ ತಾಯಿಯ ಸಹಿ, ಓದು ಬರದವರಾದರೆ ಹೆಬ್ಬೆಟ್ಟು ಮತ್ತು ಸಂಬಂಧ ಇಲ್ಲದ ಒಬ್ಬ ಸಾಕ್ಷಿ. ಇಂಗ್ಲಿಷಿನಿಂದ ನಾನೇ ಅನುವಾದ ಮಾಡಿ ನಮ್ಮವ್ವನಿಗೆ ಓದಿದೆ. 'ಸ್ವಯಂಪ್ರೇರಿತ ಪಾಲ್ಗೊಳ್ಳುವಿಕೆ' ಅಂದ ಕೂಡಲೇ "ಇದೇನವಾ, ಕೋರ್ಟ್ ನೋಟಿಸೇನು?" ಅಂದಳು! ತಪ್ಪೇನಿಲ್ಲ ಬಿಡಿ.

ಕೊಪ್ಪಳ, ರಾಯಚೂರು ಹಳ್ಳಿಗಳಲ್ಲಿ ಸರ್ವೆ ಮಾಡಿದವರು ಯಾರಾದರೂ ಇದ್ದೀರಾ? 'ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಬಿಡಬಹುದು, ಅದರಿಂದ ನಿಮಗೇನೂ ತೊಂದರೆ ಇಲ್ಲ' ಅನ್ನೋದನ್ನು ಜನ ನಂಬುವ ಹಾಗೆ ಹೇಗೆ ಹೇಳಿದಿರಿ? ಇನ್ನೊಂದು, ನನ್ನ ಇಂಗ್ಲಿಷ್ ಮೂಲ ನೋಡದೆ ಕನ್ನಡ ಪ್ರತಿಯನ್ನು ವಾಪಸ್ ಇಂಗ್ಲಿಷಿಗೆ ತಿರುಗಿಸಿ ಕೊಡುವವರು ಒಬ್ಬರು ಬೇಕು, ಅರ್ಥ ಎಲ್ಲಿ ಜಾರಿದೆ ಅಂತ ಹಾಗೆ ಮಾಡಿದರೇನೇ ಗೊತ್ತಾಗೋದು. ಎರಡೇ ಪುಟ ಇದೆ. ದುಡ್ಡು ಕೊಡಲು ಆಗಲ್ಲ, ಮಿರ್ಚಿ ಮಂಡಕ್ಕಿ ಖಂಡಿತ.